ಕಾಲು ನೋವು, ಮುಕ್ಕಾಲು ನೋವು

ಮೂರನೆಯ ಗೇಟಿಗೆ ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು. ಒದ್ದೆ ಬೈರಾಸನ್ನು ಯಾರೋ ಎರಡು ಕೈಯಲ್ಲಿ ಹಿಂಡಿದ ಹಾಗೆ. ಕುಸುಮಾವತಿ ರೇಷನ್ ಅಕ್ಕಿಯ ಚೀಲವನ್ನು ಬಲಗೈಯಿಂದ ಎಡಗೈಗೆ ಬದಲಿಸಿದಳು. ಮುಖಕ್ಕೆ ನಗು ತಂದುಕೊಂಡಳು. ಹೇಗೋ ಆ ಹತ್ತು ಹೆಜ್ಜೆ ದಾಟಿ ಗೇಟಿನ ಕಂಬಿ ಹಿಡಿದಳು.

“ಏಲಿ ಚೇಟತ್ತೀ, ನಿಮ್ಮ ಕರಿ ಕೋಳಿ ಕಾವಿಗೆ ಕೂತಿತಾ?”

ಗೇಟಿನೊಳಗಿದ್ದ ಏಲಿ ಚೇಟತ್ತಿಗೆ, ಅಂದರೆ ಏಲಿ ಅಕ್ಕನಿಗೆ, ಅಷ್ಟೇ ಸಾಕು. ಕೋಳಿಯಿಂದ ಮಗಳ ಬಾಣಂತನಕ್ಕೆ, ಬಾಣಂತನದಿಂದ ಅಂಬಲಮುಗಳ್ ರಿಫೈನರಿಯಲ್ಲಿ ಅಳಿಯನ ಪಾಳಿ ಕೆಲಸಕ್ಕೆ ಮಾತು ಹರಿಯಿತು. ಕುಸುಮಾವತಿ ತಲೆಯಾಡಿಸುತ್ತ ನಿಂತಳು. ಅವಳ ಗಮನ ಕೋಳಿಯ ಮೇಲಿರಲಿಲ್ಲ, ಕಾಲಿನ ಮೇಲಿತ್ತು. ಹಿಂಡಿದ ಬೈರಾಸು ಮೆಲ್ಲಗೆ ಸಡಿಲಾಯಿತು. ಎರಡು ಮೂರು ನಿಮಿಷದಲ್ಲಿ ನೋವು ಬಂದೇ ಇರಲಿಲ್ಲವೇನೋ ಎಂಬಂತೆ ಹೊರಟುಹೋಯಿತು. “ಒಲೆಯ ಮೇಲೆ ಬೇಳೆ ಇಟ್ಟು ಬಂದಿದ್ದೇನೆ” ಎಂದು ಹೇಳಿ ಅವಳು ಹೊರಟಳು. ಒಲೆಯ ಮೇಲೆ ಏನೂ ಇರಲಿಲ್ಲ.

ಐದನೆಯ ಗೇಟಿನಲ್ಲಿ ಮತ್ತೆ ನಿಂತಳು. ಆ ಮನೆಯವರು ಹೊರಗೆ ಕಾಣಿಸಲಿಲ್ಲ. ಹಾಗಾಗಿ ಬೇಲಿಯ ದಾಸವಾಳದ ಮೊಗ್ಗುಗಳನ್ನು ಒಂದೊಂದಾಗಿ ನೋಡುತ್ತ ಹೊತ್ತು ಕಳೆದಳು.

ಎರ್ನಾಕುಲದ ರವಿಪುರದ ಆ ಓಣಿಯಲ್ಲಿ ರೇಷನ್ ಅಂಗಡಿಯಿಂದ ಅವಳ ಮನೆಗೆ ಏಳು ಗೇಟುಗಳು. ಗಂಡ ಕಮಲಾಕ್ಷ ಬ್ಯಾಂಕಿನಲ್ಲಿ ಹೆಡ್ ಕ್ಲರ್ಕು. ಪುತ್ತೂರಿನಿಂದ ಹೊರಟು ಹನ್ನೆರಡು ವರ್ಷವಾಗಿತ್ತು. ಮೊದಲು ತಿರುವನಂತಪುರ, ಈಗ ಕೊಚ್ಚಿ. ಮಗಳು ಪ್ರೇಮಳಿಗೆ ಹತ್ತೊಂಬತ್ತು. ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವ ಹುಡುಗಿ. ಗೇಟುಗೇಟಿಗೆ ನಿಂತು ಮಾತನಾಡುವ ಕುಸುಮಾವತಿಗೆ ಓಣಿಯವರು ‘ವರ್ತಮಾನಮ್ಮ’ ಎಂದು ಹೆಸರಿಟ್ಟಿದ್ದರು. ಮಲಯಾಳದಲ್ಲಿ ಹರಟೆಗೆ ವರ್ತಮಾನ ಎನ್ನುತ್ತಾರೆ. ಪಕ್ಕದ ಮನೆಯ ಮೈಸೂರಿನ ಜಯಮ್ಮನಂತೂ, “ಬಂತು ನೋಡ್ರೀ, ನಮ್ಮ ಆಕಾಶವಾಣಿ!” ಎಂದು ನಗುತ್ತಿದ್ದರು.

ಕುಸುಮಾವತಿಯೂ ನಗುತ್ತಿದ್ದಳು. ಬಾಯಿಬಡುಕಿ ಅನ್ನಿಸಿಕೊಂಡರೆ ನಷ್ಟವೇನಿಲ್ಲ. ಕಾಲಿಲ್ಲದವಳು ಅನ್ನಿಸಿಕೊಳ್ಳುವುದು ಏನೆಂದು ಅವಳಿಗೆ ಗೊತ್ತಿತ್ತು.

ಅವಳ ತಾಯಿಗೆ ಹೀಗೇ ಶುರುವಾಗಿತ್ತು. ಮೊದಲು ನಡೆದರೆ ನೋವು. ಆಮೇಲೆ ಹಿತವಾಗಲೆಂದು ಇಟ್ಟ ಬಿಸಿ ಇಟ್ಟಿಗೆಯಿಂದ ಹಿಮ್ಮಡಿಯಲ್ಲೊಂದು ಗುಳ್ಳೆ. ಆಮೇಲೆ ಕಪ್ಪಾದ ಬೆರಳುಗಳು. ಕೊನೆಗೆ ಮೊಣಕಾಲಿನ ಕೆಳಗೆ ಏನೂ ಉಳಿಯಲಿಲ್ಲ. ಒಂಬತ್ತು ವರ್ಷ ಆ ತಾಯಿ ನಾಲ್ಕು ಚಕ್ರ ಹೊಡೆಸಿದ ಹಲಸಿನ ಮಣೆಯ ಮೇಲೆ ಕೂತು, ನೆಲಕ್ಕೆ ಕೈಯೂರಿ ಮನೆಯೊಳಗೆ ಸರಿದಾಡಿದಳು. ಗರಗರ, ಗರಗರ. ಆ ಸದ್ದು ಬಂದರೆ ಮಕ್ಕಳು ದಾರಿ ಬಿಡುತ್ತಿದ್ದರು, ನೆಂಟರು ಬೇರೆ ಕಡೆ ನೋಡುತ್ತಿದ್ದರು. ತಾಯಿ ತೀರಿಕೊಂಡ ಮೇಲೆ ಆ ಮಣೆಯನ್ನು ಕುಸುಮಾವತಿ ತಂದಿಟ್ಟುಕೊಂಡಳು. ಪ್ರತಿ ವರ್ಗಾವಣೆಯಲ್ಲೂ ಅದು ಪಾತ್ರೆಗಳ ಜೊತೆ ಲಾರಿ ಹತ್ತಿತು. “ಅಕ್ಕಿ ಡಬ್ಬ ಇಟ್ರೆ ಸರಿಸ್ಲಿಕ್ಕೆ ಸುಲಭ” ಎಂದು ಗಂಡನಿಗೆ ಹೇಳಿದ್ದಳು. ಅದನ್ನು ತನಗಾಗಿಯೇ ಇಟ್ಟುಕೊಂಡಿದ್ದೇನೆ, ತನ್ನ ಸರದಿ ಬರುತ್ತದೆ ಎಂಬ ಮಾತನ್ನು ಯಾರಿಗೂ ಹೇಳಿರಲಿಲ್ಲ.

ಎಂಟು ತಿಂಗಳ ಹಿಂದೆ, ತರಕಾರಿಗೆಂದು ಹೇಳಿ, ಅವಳೊಬ್ಬಳೇ ಸರಕಾರಿ ಆಸ್ಪತ್ರೆಗೆ ಹೋಗಿಬಂದಿದ್ದಳು. ಹರೆಯದ ಡಾಕ್ಟರು ಪಾದದ ಮೇಲೆ ಎರಡು ಬೆರಳಿಟ್ಟು ಬಹಳ ಹೊತ್ತು ನಾಡಿ ಹುಡುಕಿದರು. ಮೂತ್ರ ಪರೀಕ್ಷೆಗೆ ಚೀಟಿ ಬರೆದುಕೊಟ್ಟರು. ಹಿಂದೆ ಇನ್ನೂ ಐವತ್ತು ಜನ ಸಾಲಿನಲ್ಲಿದ್ದರು. ಡಾಕ್ಟರು ಹೇಳಿದ್ದು ಮೂರೇ ಮಾತು: “ವೇದನ ವನ್ನಾಲ್ ನಿಲ್ಕಣಂ. ಪಿನ್ನೆ ನಡಕ್ಕಣಂ. ಮನಸ್ಸಿಲಾಯೋ?”

ಅರ್ಥವಾಯಿತೇ ಎಂದು ಯಾರು ಕೇಳಿದರೂ ಹನ್ನೆರಡು ವರ್ಷಗಳಿಂದ ಅವಳದು ಒಂದೇ ಉತ್ತರ. “ಮನಸ್ಸಿಲಾಯಿ” ಎಂದು ತಲೆಯಾಡಿಸಿ ಎದ್ದು ಬಂದಳು.

ನೋವು ಬಂದರೆ ನಿಲ್ಲಬೇಕು, ಅದು ಸರಿ. ‘ಪಿನ್ನೆ’ ಎಂಬ ಮಾತನ್ನಂತೂ ಅವಳು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ನಲ್ಲಿ ರಿಪೇರಿಯವನನ್ನು ಕರೆದರೆ “ಪಿನ್ನೆ” ಎನ್ನುತ್ತಿದ್ದ. ಬಂದದ್ದು ಮೂರು ವಾರಕ್ಕೆ. ಸೀಮೆಎಣ್ಣೆ ಅಂಗಡಿಯವನೂ “ಪಿನ್ನೆ.” ಬಟ್ಟೆ ಮಡಚು ಎಂದರೆ ಪ್ರೇಮಳೂ “ಪಿನ್ನೆ ಅಮ್ಮೇ.” ಪಿನ್ನೆ ಎಂದರೆ ಈಗಲ್ಲ, ಯಾವಾಗಲೋ. ಡಾಕ್ಟರು ಹೇಳಿದ್ದೂ ಹಾಗೆಯೇ ಎಂದುಕೊಂಡಳು: ಈಗ ನಿಲ್ಲಿಸು, ನಡೆಯುವುದು ಆಮೇಲೆ, ಗುಣವಾದ ಮೇಲೆ. ಚೀಟಿ ಚೀಲದ ತಳದಲ್ಲಿ ಮುದುಡಿತು. ಅಂದಿನಿಂದ ಅವಳು ನಡೆಯುವುದನ್ನು ಕಡಿಮೆ ಮಾಡುತ್ತ ಬಂದಳು. ಮೊದಲು ಮೀನುಪೇಟೆ ಬಿಟ್ಟಳು, ಆಮೇಲೆ ದೇವಸ್ಥಾನ. ಈಗ ಉಳಿದದ್ದು ರೇಷನ್ ಅಂಗಡಿ ಒಂದೇ. ಮೊದಲು ಏಳನೆಯ ಗೇಟಿನವರೆಗೆ ಬಾರದ ನೋವು ಈಗ ಮೂರನೆಯದಕ್ಕೇ ಬರುತ್ತಿತ್ತು.

ಆ ಶನಿವಾರ ಪ್ರೇಮಳಿಗೆ ಫೋರ್ಟ್ ಕೊಚ್ಚಿಯಲ್ಲಿ ಟೈಪಿಂಗ್ ಪರೀಕ್ಷೆ. ಆರು ತಿಂಗಳಿಗೊಮ್ಮೆ ಬರುವ ಪರೀಕ್ಷೆ. ಪಾಸಾದರೆ ಒಂದು ಕಚೇರಿಯಲ್ಲಿ ಕೆಲಸ ಕೊಡುವುದಾಗಿ ಮಾತೂ ಆಗಿತ್ತು. “ಪರೀಕ್ಷೆ ಮುಗಿಸಿ ಮಟ್ಟಾಂಚೇರಿಯ ತಿರುಮಲ ದೇವಸ್ಥಾನಕ್ಕೆ ಹೋಗುವ, ಮೂರೂ ಜನ ಹೊರಡುವ” ಎಂದ ಕಮಲಾಕ್ಷ. ಬೇಡವೆನ್ನಲು ಕುಸುಮಾವತಿಗೆ ಕಾರಣ ಹೊಳೆಯಲಿಲ್ಲ.

ಬಸ್ಸು ಇಳಿದ ಮೇಲೆ ಬೋಟು ಜೆಟ್ಟಿಯವರೆಗೆ ಬಯಲು ದಾರಿ. ಒಂದು ಗೇಟಿಲ್ಲ, ಒಂದು ಬೇಲಿಯಿಲ್ಲ, ಮಾತನಾಡಿಸಲು ಒಂದು ಕೋಳಿಯಿಲ್ಲ. ತಂದೆ ಮಗಳು ಮುಂದೆ ಹೋದರು. ಅರ್ಧ ದಾರಿಯಲ್ಲಿ ಕಾಲು ಹಿಡಿಯಿತು. ಅವಳು ಇನ್ನೊಂದು ಹೆಜ್ಜೆ ಇಟ್ಟಳು, ಇನ್ನೊಂದು. ಆಮೇಲೆ ಬೇರೆ ದಾರಿ ಕಾಣದೆ ಮುಖವನ್ನು ಹಿನ್ನೀರಿನ ಕಡೆ ತಿರುಗಿಸಿ, ನೀರು ನೋಡುವವಳ ಹಾಗೆ ನಿಂತುಬಿಟ್ಟಳು.

ಬೋಟಿನ ಗಂಟೆ ಹೊಡೆಯಿತು.

“ಅಮ್ಮೇ, ವೇಗಂ ವಾ!” ಪ್ರೇಮ ಬೋಟಿನೊಳಗೆ ಒಂದು ಕಾಲಿಟ್ಟು, ಬೇಗ ಬಾ ಎಂದು ಕೂಗಿದಳು.

“ಎಂತ ನೋಡ್ತಾ ನಿಂತದ್ದು ಮಾರಾಯ್ತಿ ಅಲ್ಲಿ? ಹುಟ್ಟಿದ ಮೇಲೆ ನೀರೇ ಕಾಣದವಳ ಹಾಗೆ!” ಕಮಲಾಕ್ಷನ ಧ್ವನಿ ಜನರ ತಲೆಯ ಮೇಲಿಂದ ಬಂತು.

ಕುಸುಮಾವತಿ ಕೈ ಬೀಸಿದಳು, ಹೋಗಿ, ನೀವು ಹೋಗಿ ಎಂದು. ಹಗ್ಗ ಬಿಚ್ಚಿದರು. ಪ್ರೇಮ ಒಮ್ಮೆ ಬೋಟನ್ನು ನೋಡಿದಳು, ಒಮ್ಮೆ ಅಮ್ಮನನ್ನು. ಅಮ್ಮನ ಮುಖದ ಬಣ್ಣ ದೂರದಿಂದಲೂ ಸರಿ ಕಾಣಲಿಲ್ಲವೋ ಏನೋ, ದಡಕ್ಕೆ ಹಾರಿಬಿಟ್ಟಳು, ಹಿಂದೆಯೇ ಕಮಲಾಕ್ಷನೂ. ಬೋಟಿಗೂ ದಡಕ್ಕೂ ನಡುವೆ ನೀರು ಅಗಲವಾಗುತ್ತ ಹೋಯಿತು.

ಆ ಹೊತ್ತಿಗೆ ಆಚೆಯಿಂದ ಬಂದ ಬೋಟಿನಿಂದ ಇಳಿದ ಹೆಂಗಸೊಬ್ಬಳು ಕುಸುಮಾವತಿಯ ಪಕ್ಕದಲ್ಲಿ ನಿಂತಳು. ಕಾಸರಗೋಡಿನ ಹರಿಣಾಕ್ಷಿ. ಆಸ್ಪತ್ರೆಯಲ್ಲಿ ನರ್ಸ್, ಕನ್ನಡ ಸಂಘದಲ್ಲಿ ಪರಿಚಯವಾದವಳು.

“ನೀರು ನೋಡ್ಲಿಕ್ಕೆ ನಿಂತದ್ದಾ ಅಕ್ಕ, ಅಲ್ಲ ಕಾಲೇ ನಿಲ್ಲಿಸಿದ್ದಾ?”

“ಎಂತ ಕಾಲು? ನೀರು ಚಂದ ಉಂಟು.”

ಹರಿಣಾಕ್ಷಿ ಅವಳ ಪಾದಗಳನ್ನೇ ನೋಡಿದಳು. ಭಾರವೆಲ್ಲ ಎಡಗಾಲಿನ ಮೇಲಿತ್ತು. “ಸಂಜೆ ಮನೆಗೆ ಬರ್ತೇನೆ” ಎಂದಷ್ಟೇ ಹೇಳಿ ಹೋದಳು.

ಮುಂದಿನ ಬೋಟು ಸಿಕ್ಕಿ ಇವರು ತಲುಪುವಾಗ ಪರೀಕ್ಷೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ನಲವತ್ತು ಟೈಪ್‌ರೈಟರುಗಳು ಒಟ್ಟಿಗೆ ಕುಟ್ಟುವ ಸದ್ದು ಕೇಳುತ್ತಿತ್ತು. ಪ್ರೇಮ ಬಾಗಿಲ ಹೊರಗೆ ಸ್ವಲ್ಪ ಹೊತ್ತು ನಿಂತು, ತಿರುಗಿ ನಡೆದಳು. ಹಿಂದಿರುಗುವ ಬೋಟಿನಲ್ಲಿ ಅವಳ ಬಾಯಿಂದ ಕನ್ನಡ ಬಂತು.

“ನನ್ನ ಪರೀಕ್ಷೆ ಉಂಟೂಂತ ಗೊತ್ತಿದ್ದೂ ನೀನು ನೀರು ನೋಡ್ತಾ ನಿಂತೆ ಅಮ್ಮ.”

ಆ ಕನ್ನಡವನ್ನು ಕುಸುಮಾವತಿಗೆ ತಡೆದುಕೊಳ್ಳಲಾಗಲಿಲ್ಲ. “ನೀರು ನೋಡಿದ್ದಲ್ಲ ಮಗಾ” ಎಂದಳು. “ಕಾಲು ಬರ್ಲಿಲ್ಲ.”

ಸಂಜೆಯ ಹೊತ್ತಿಗೆ ಸುದ್ದಿ ಪಕ್ಕದ ಮನೆ ಮುಟ್ಟಿತು. ಜಯಮ್ಮ ಕಲ್ಲುಪ್ಪನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡೇ ಬಂದರು. ಕಮಲಾಕ್ಷ ವರಾಂಡದಲ್ಲಿ ಶತಪಥ ಹಾಕುತ್ತಿದ್ದ. ಅವನ ಹೆದರಿಕೆ ಹೊರಗೆ ಬರುವಾಗ ಯಾವಾಗಲೂ ಅಪ್ಪಣೆಯಾಗುತ್ತಿತ್ತು.

“ಇನ್ನು ನೀನು ಹೊಸ್ತಿಲು ದಾಟುದು ಬೇಡ. ರೇಷನ್ ನಾನು ತರ್ತೇನೆ. ನೀರು ಪ್ರೇಮ ಸೇದ್ತಾಳೆ. ಕೂತಲ್ಲಿಂದ ಏಳ್ಬೇಡ.”

“ಮತ್ತೆ! ನೋಯೋ ಕಾಲ್ನ ಯಾರಾದ್ರೂ ನಡೆಸ್ತಾರೇನ್ರೀ?” ಜಯಮ್ಮ ಸ್ಟೂಲಿನ ಮೇಲೆ ಕುಸುಮಾವತಿಯ ಕಾಲನ್ನು ಇಟ್ಟುಕೊಂಡು ಹಿಮ್ಮಡಿಗೆ ಉಪ್ಪಿನ ಗಂಟು ಒತ್ತಿದರು. “ಕುಂಟೆತ್ತನ್ನ ಯಾರಾದ್ರೂ ನೊಗಕ್ಕೆ ಕಟ್ತಾರಾ? ಶಾಖ ಕೊಟ್ಕೊಂಡು ಮಲಗಿದ್ರೆ ತಾನಾಗೇ ಹೋಗತ್ತೆ. ಬಿಸಿ ಸಾಕಾ?”

“ಬಿಸಿಯೇ ಗೊತ್ತಾಗುದಿಲ್ಲ ಜಯಮ್ಮ.”

“ಹಾಗಾದ್ರೆ ಇನ್ನೊಂಚೂರು ಕಾಯಿಸ್ಕೊಂಡು ಬರ್ತೀನಿ.”

ಎರಡನೆಯ ಸಲ ಕಾಯಿಸಿದ ಗಂಟನ್ನು ಇಟ್ಟು ಸ್ವಲ್ಪ ಹೊತ್ತಾಗಿತ್ತು. ಹರಿಣಾಕ್ಷಿ ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಅದನ್ನು ಕಿತ್ತು ತೆಗೆದಳು. ಹಿಡಿಯಲಾಗದೆ ಅದು ಕೈಯಿಂದ ಬಿತ್ತು, ಉಪ್ಪು ನೆಲದ ತುಂಬ ಚೆಲ್ಲಿತು. ಅವಳು ತನ್ನ ಕೆಂಪಾದ ಅಂಗೈಯನ್ನು ಎಲ್ಲರಿಗೂ ತೋರಿಸಿದಳು.

“ನನ್ನ ಕೈಗೆ ಒಂದು ಗಳಿಗೆ ಹಿಡೀಲಿಕ್ಕೆ ಆಗುದಿಲ್ಲ. ಅಕ್ಕನಿಗೆ ಬಿಸಿಯೇ ಗೊತ್ತಾಗುದಿಲ್ಲ. ಇದರ ಅರ್ಥ ಎಂತ ಭಾವ?”

ಕುಸುಮಾವತಿಯ ಹಿಮ್ಮಡಿ ಕೆಂಪಾಗಿತ್ತು. ಅವಳಿಗೆ ಬಿಸಿ ಇಟ್ಟಿಗೆ ನೆನಪಾಯಿತು.

ಹರಿಣಾಕ್ಷಿ ನೆಲದ ಮೇಲೆ ಕೂತು ಎರಡೂ ಪಾದಗಳನ್ನು ಮುಟ್ಟಿ ನೋಡಿದಳು. ಬಲಪಾದ ತಣ್ಣಗಿತ್ತು. “ಭಾವ, ಕಾಲಿಗೆ ರಕ್ತ ಹೋಗುವ ನಾಳ ಸಪೂರ ಆಗಿದೆ. ಹೂಳು ತುಂಬಿದ ತೋಡಿನ ಹಾಗೆ. ಕೂತಾಗ ಅಷ್ಟು ನೀರು ಸಾಕು. ನಡೆದಾಗ ಮೀನಖಂಡ ಜಾಸ್ತಿ ಕೇಳ್ತದೆ, ಸಿಗುದಿಲ್ಲ, ನೋಯ್ತದೆ. ನಿಂತರೆ ತುಂಬಿಕೊಳ್ತದೆ, ನೋವು ಹೋಗ್ತದೆ. ಅಕ್ಕನಿಗೆ ಸಕ್ಕರೆ ಕಾಯಿಲೆಯೂ ಇರ್ಬಹುದು, ಅದಕ್ಕೇ ಬಿಸಿ ಗೊತ್ತಾಗುದಿಲ್ಲ.” ಆಮೇಲೆ ಅವಳ ಕಣ್ಣು ಕಿಟಕಿಯ ಮೇಲಿದ್ದ ಎಲೆಯಡಿಕೆ ಪೆಟ್ಟಿಗೆಗೆ ಹೋಯಿತು. “ಹೊಗೆಸೊಪ್ಪು ಹಾಕ್ತೀರಾ?”

“ಊಟ ಆದ ಮೇಲೆ ಒಂಚೂರು...”

“ಆ ಒಂಚೂರೂ ಬೇಡ. ಬೀಡಿ, ಸಿಗರೇಟು, ಹೊಗೆಸೊಪ್ಪು, ನಶ್ಯ, ಯಾವುದೂ ಬೇಡ. ಅದು ನಾಳವನ್ನು ಇನ್ನೂ ಹಿಂಡ್ತದೆ.”

ಕಮಲಾಕ್ಷ ಕೈಯಲ್ಲಿದ್ದ ನಶ್ಯದ ಡಬ್ಬಿಯನ್ನು ಮೆಲ್ಲಗೆ ಜೇಬಿಗಿಳಿಸಿದ.

“ಡಾಕ್ಟ್ರಿಗೆ ತೋರಿಸಿದ್ರಾ ಅಕ್ಕ?”

ಕುಸುಮಾವತಿ ಗಂಡನ ಮುಖ ನೋಡದೆ ಹೇಳಿದಳು. ಎಂಟು ತಿಂಗಳಿಂದ ಬಾಯಿಪಾಠವಾಗಿದ್ದ ಮಾತು. “ವೇದನ ವನ್ನಾಲ್ ನಿಲ್ಕಣಂ, ಪಿನ್ನೆ ನಡಕ್ಕಣಂ ಅಂದ್ರು. ಹಾಗೇ ಮಾಡ್ತಾ ಇದ್ದೇನೆ. ನಿಲ್ಲಿಸಿದ್ದೇನೆ. ನಡೆಯುದು ಪಿನ್ನೆ, ಗುಣ ಆದ ಮೇಲೆ.”

ಬಾಗಿಲಿಗೆ ಒರಗಿದ್ದ ಪ್ರೇಮ ನಕ್ಕುಬಿಟ್ಟಳು. ಅದೇ ಕ್ಷಣ ಅವಳ ನಗು ನಿಂತಿತು.

“ಅಮ್ಮಾ, ಆ ಪಿನ್ನೆ ಅದಲ್ಲ.” ಅವಳು ಬಂದು ಅಮ್ಮನ ಪಕ್ಕ ಕೂತಳು. “ನೋವು ಬಂದ್ರೆ ನಿಲ್ಲು, ಹೋದ ಕೂಡ್ಲೇ ನಡಿ. ಅದು ಆ ಪಿನ್ನೆ. ನಡೀಬೇಕೂಂತಲೇ ಅವ್ರು ಹೇಳಿದ್ದು!”

ಒಂದು ಮಾತು. ಎಂಟು ತಿಂಗಳು. ಕುಸುಮಾವತಿಗೆ ಸಿಟ್ಟು ಬಂದದ್ದು ಡಾಕ್ಟರ ಮೇಲಲ್ಲ. ‘ಅರ್ಥವಾಗಲಿಲ್ಲ’ ಎಂದು ಹೇಳಲು ನಾಚಿದ ತನ್ನ ಮೇಲೆ. ಅದಕ್ಕಿಂತ ಒಳಗೆ ಇನ್ನೊಂದು ಸತ್ಯವಿತ್ತು: ಆ ತಪ್ಪು ಅರ್ಥ ಅವಳಿಗೆ ಬೇಕಾಗಿತ್ತು. ನಡೆಯದಿದ್ದರೆ ನೋವಿಲ್ಲ, ನೋವಿಲ್ಲದಿದ್ದರೆ ಕಾಯಿಲೆಯೂ ಇಲ್ಲ, ಕಾಯಿಲೆ ಇಲ್ಲದಿದ್ದರೆ ಮಣೆಯೂ ಇಲ್ಲ.

“ನೋಯುವ ಕಾಲನ್ನು ಮತ್ತೆ ನಡೆಸುದಾ?” ಕಮಲಾಕ್ಷ ಒಪ್ಪಲಿಲ್ಲ. “ಗಾಯದ ಮೇಲೆ ಬರೆ ಎಳೆದ ಹಾಗೆ ಆಯ್ತಲ್ಲ ಹರಿಣಾಕ್ಷಿ. ಇವಳ ಅಮ್ಮನನ್ನು ನಾನು ನೋಡಿದ್ದೇನೆ.”

“ಅವರನ್ನು ಯಾರಾದ್ರೂ ನಡೆಸಿದ್ರಾ ಭಾವ, ಅಲ್ಲ ಕೂರಿಸಿ ಹೀಗೇ ಶಾಖ ಕೊಟ್ರಾ?” ಹರಿಣಾಕ್ಷಿಯ ಧ್ವನಿ ಏರಲಿಲ್ಲ. “ಈ ಕಾಯಿಲೆ ಬಂದ ಹೆಚ್ಚಿನವ್ರಿಗೆ ಕಾಲು ಹೋಗುದಿಲ್ಲ, ಸರಿಯಾಗಿ ನೋಡಿಕೊಂಡ್ರೆ. ದಿನಾ ನಡೆದ್ರೆ ರಕ್ತ ಬೇರೆ ಸಣ್ಣ ದಾರಿ ಹುಡುಕಿಕೊಳ್ತದೆ. ಇದ್ದ ರಕ್ತದಲ್ಲೇ ಕೆಲಸ ಮಾಡ್ಲಿಕ್ಕೆ ಮೀನಖಂಡವೂ ಕಲೀತದೆ. ನಡೆಯುವಾಗ ಬಂದು, ನಿಂತ್ರೆ ಹೋಗುವ ಆ ನೋವು ಕಾಲನ್ನು ಹಾಳು ಮಾಡುದಿಲ್ಲ.”

“ಎಷ್ಟು ನೋವಿಗೆ ನಿಲ್ಲುದು?” ಪ್ರೇಮ ಕೇಳಿದಳು.

ಹರಿಣಾಕ್ಷಿ ನಕ್ಕಳು. “ಅದು ನಮ್ಮ ಭಾಷೆಯಲ್ಲೇ ಉಂಟು. ಮಲಯಾಳದಲ್ಲೂ ಅದೇ ಲೆಕ್ಕ. ಕಾಲು, ಅರೆ, ಮುಕ್ಕಾಲು. ನೋವು ಕಾಲು ಭಾಗ ಬಂದಾಗಲೇ ನಿಲ್ಬೇಡಿ. ಅರೆ ಆದ್ರೂ ನಡೀರಿ. ಮುಕ್ಕಾಲು ಆದಾಗ ನಿಲ್ಲಿ. ಪೂರ್ತಿ ಆಗ್ಲಿಕ್ಕೆ ಬಿಡ್ಬೇಡಿ. ನೋವು ಪೂರ್ತಿ ಹೋಗುವವರೆಗೆ ನಿಂತು, ಪುನಃ ನಡೀರಿ. ಅಂತೂ ದಿನಕ್ಕೆ ಅರ್ಧ ಗಂಟೆ.”

“ಕಾಲು ನೋವಿಗೆ ನಿಲ್ಬೇಡಿ, ಮುಕ್ಕಾಲು ನೋವಿಗೆ ನಿಲ್ಲಿ ಅನ್ನಿ! ಚೆನ್ನಾಗಿದೆ ಕಣ್ರೀ ನಿಮ್ಮ ವೈದ್ಯ” ಎಂದರು ಜಯಮ್ಮ, ನೆಲದ ಉಪ್ಪನ್ನು ಗುಡಿಸುತ್ತ. ಆದರೆ ಅವರ ಧ್ವನಿಯಲ್ಲಿ ಮೊದಲಿನ ಜೋರಿರಲಿಲ್ಲ.

“ಆದರೆ ನಾಳೆಯೇ ಅಲ್ಲ. ಮೊದಲು ಡಾಕ್ಟ್ರು ನೋಡ್ಬೇಕು. ಆ ಹಿಮ್ಮಡಿ...” ಹರಿಣಾಕ್ಷಿ ಮಾತು ಮುಗಿಸಲಿಲ್ಲ.

ಮರುದಿನ ಬೆಳಿಗ್ಗೆ ಹಿಮ್ಮಡಿಯಲ್ಲಿ ನೀರುಗುಳ್ಳೆ ಎದ್ದಿತ್ತು. ಎಂಟಾಣೆ ನಾಣ್ಯದಷ್ಟು ದೊಡ್ಡದು.

ಸೋಮವಾರ ಹರಿಣಾಕ್ಷಿಯೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅದೇ ಡಾಕ್ಟರು. ಮೂತ್ರದಲ್ಲಿ ಸಕ್ಕರೆ ಇತ್ತು, ಮಾತ್ರೆ ಶುರುವಾಯಿತು. ಎದೆಯನ್ನೂ ಪರೀಕ್ಷಿಸಿದರು. ಗುಳ್ಳೆಯನ್ನು ಬಹಳ ಹೊತ್ತು ನೋಡಿ, ಇದು ಮಾಯುವವರೆಗೆ ನಡಿಗೆ ಬೇಡ, ಒಡೆಯಬೇಡಿ, ದಿನವೂ ನೋಡಿ, ಕಪ್ಪಾದರೆ ಅಥವಾ ಕೂತಾಗಲೂ ನೋವು ಬಂದರೆ ಅದೇ ದಿನ ಬನ್ನಿ ಎಂದರು. ಅರ್ಥವಾಗದ್ದನ್ನು ಹರಿಣಾಕ್ಷಿ ಎರಡೆರಡು ಸಲ ಕೇಳಿದಳು. ಡಾಕ್ಟರು ಬೇಸರವಿಲ್ಲದೆ ಎರಡೆರಡು ಸಲ ಹೇಳಿದರು. ಕೇಳಿದರೆ ಹೇಳುತ್ತಾರೆ ಎಂಬುದೇ ಕುಸುಮಾವತಿಗೆ ಹೊಸತು.

ಆಮೇಲಿನ ಇಪ್ಪತ್ತಾರು ದಿನ ಆ ಮನೆಯಲ್ಲಿ ಯಾರೂ ಜೋರಾಗಿ ಮಾತನಾಡಲಿಲ್ಲ. ಪ್ರತಿ ಬೆಳಿಗ್ಗೆ ಪ್ರೇಮ ನೆಲದಲ್ಲಿ ಕೂತು ಅಮ್ಮನ ಪಾದವನ್ನು ಬೆಳಕಿಗೆ ಹಿಡಿದು, ಹಿಮ್ಮಡಿ, ಬೆರಳಿನ ಸಂದು ಎಲ್ಲ ನೋಡುತ್ತಿದ್ದಳು. ಕಮಲಾಕ್ಷ ಪತ್ರಿಕೆ ಹಿಡಿದಿರುತ್ತಿದ್ದ, ಪುಟ ತಿರುಗಿಸುತ್ತಿರಲಿಲ್ಲ. ಒಂದು ದಿನ ಗುಳ್ಳೆಯ ಅಂಚು ಕಪ್ಪಗೆ ಕಂಡಿತು. ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿದಾಗ ಅದು ಒಲೆಯ ಮಸಿ. ಯಾರೂ ನಗಲಿಲ್ಲ. ಅದೇ ದಿನ ಪ್ರೇಮ ಅಕ್ಕಿ ತೆಗೆಯಲು ಡಬ್ಬವನ್ನು ಸರಿಸಿದಾಗ ಉಗ್ರಾಣದಿಂದ ಗರಗರ ಎಂದಿತು. ಕುಸುಮಾವತಿ ಕಿವಿ ಮುಚ್ಚಿಕೊಂಡಳು.

ಇಪ್ಪತ್ತೇಳನೆಯ ದಿನ ಹಿಮ್ಮಡಿಯಲ್ಲಿ ಹೊಸ ಚರ್ಮ ಮೂಡಿತ್ತು. ಡಾಕ್ಟರು ಒಪ್ಪಿದರು. ಕಾಲಿಗೆ ಸರಿಹೊಂದುವ, ಬೆರಳು ಮುಚ್ಚುವ ಮೆತ್ತನೆಯ ಚಪ್ಪಲಿ ತಂದಾಯಿತು.

ಮೊದಲ ದಿನ ಹರಿಣಾಕ್ಷಿ ಜೊತೆಗೆ ಬಂದಳು. ಮೂರನೆಯ ಗೇಟಿನಲ್ಲಿ ಕುಸುಮಾವತಿಯ ಕೈ ತಾನಾಗಿ ಕಂಬಿಗೆ ಹೋಯಿತು.

“ಎಷ್ಟು ನೋವು ಅಕ್ಕ?”

“ಕಾಲು.”

“ಹಾಗಾದ್ರೆ ಗೇಟು ಬಿಡಿ.”

ಬಿಡುವುದು ಸುಲಭವಿರಲಿಲ್ಲ. ನಾಲ್ಕನೆಯ ಗೇಟಿಗೆ ಅರೆ. ಐದನೆಯದಕ್ಕೆ ಮುಕ್ಕಾಲು. ನಿಂತಳು. ಬೆವರು ಇಳಿಯಿತು. ನೋವು ಇಳಿಯಿತು. ಮತ್ತೆ ನಡೆದಳು.

ಹರಿಣಾಕ್ಷಿಗೆ ಕೆಲಸವಿದ್ದ ದಿನ ಕಮಲಾಕ್ಷ ಗಡಿಯಾರ ಕಟ್ಟಿಕೊಂಡು ಬಂದ. ಒಂದು ತಿಂಗಳು ಕಳೆದರೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. “ಎಂತ ಬಂತು ಲಾಭ? ನೋವು ಅಲ್ಲೇ ಉಂಟು, ನೀನೂ ಅಲ್ಲೇ ಇದ್ದಿ” ಎಂದು ಗೊಣಗಿದ. ಹೊಗೆಸೊಪ್ಪಿಲ್ಲದೆ ಕುಸುಮಾವತಿಗೆ ಊಟವಾದ ಮೇಲೆ ತಲೆ ಸಿಡಿಯುತ್ತಿತ್ತು. ಒಮ್ಮೆ ಪೆಟ್ಟಿಗೆಯ ಮುಚ್ಚಳ ತೆಗೆದು, ಮೂಸಿ, ಮುಚ್ಚಿದ್ದಳು. “ಮೂರು ತಿಂಗಳು ಕೊಡಿ ಭಾವ” ಎಂದಿದ್ದಳು ಹರಿಣಾಕ್ಷಿ. “ತೋಡು ಒಂದೇ ದಿನದಲ್ಲಿ ಆಗುದಿಲ್ಲ.”

ಎರಡನೆಯ ತಿಂಗಳ ಕೊನೆಗೆ ಮುಕ್ಕಾಲು ನೋವು ಏಳನೆಯ ಗೇಟಿಗೆ ಸರಿಯಿತು. ನಾಲ್ಕನೆಯ ತಿಂಗಳಲ್ಲಿ ಅವಳು ಓಣಿಯನ್ನು ನಿಲ್ಲದೆ ಮುಗಿಸಿದಳು. ಏಲಿ ಚೇಟತ್ತಿ ಗೇಟಿನಿಂದ ಕೂಗಿದರು: “ವರ್ತಮಾನಮ್ಮೇ, ಏನು ಕೋಪ? ಈಗ ಮಾತೇ ಇಲ್ಲವಲ್ಲ!” ಹಿಂತಿರುಗುವಾಗ ಕುಸುಮಾವತಿ ಅಲ್ಲಿ ನಿಂತಳು. ಕಾಲಿನಲ್ಲಿ ನೋವಿರಲಿಲ್ಲ. ಕೋಳಿಯ ಮರಿಗಳೆಷ್ಟು ಎಂದು ಮೊದಲ ಸಲ ಅವಳಿಗೆ ನಿಜಕ್ಕೂ ತಿಳಿಯಬೇಕಿತ್ತು. ಕಮಲಾಕ್ಷನ ನಶ್ಯದ ಡಬ್ಬಿಯಲ್ಲಿ ಆ ಹೊತ್ತಿಗೆ ಪ್ರೇಮ ಗುಂಡುಸೂಜಿ ತುಂಬಿದ್ದಳು, ಅವನು ಅದನ್ನು ವಾಪಸು ಕೇಳಲಿಲ್ಲ.

ಮುಂದಿನ ಪರೀಕ್ಷೆಯ ದಿನ ಬಂತು. “ನೀನು ಮನೆಯಲ್ಲೇ ಇರ್ತೀಯಾ?” ಎಂದು ಕಮಲಾಕ್ಷ ಮೆತ್ತಗೆ ಕೇಳಿದ. “ನಾನೂ ಬರ್ತೇನೆ” ಎಂದಳು ಕುಸುಮಾವತಿ.

ಅದೇ ಬಯಲು ದಾರಿ. ಅರ್ಧ ದಾರಿಗೆ ಕಾಲು. ಜೆಟ್ಟಿಯ ಹತ್ತಿರ ಅರೆ. ಬೋಟು ಹತ್ತುವ ಹಲಗೆಗೆ ಇನ್ನು ಮೂವತ್ತು ಹೆಜ್ಜೆ ಇರುವಾಗ ಮುಕ್ಕಾಲು. ಅವಳು ನಿಂತಳು. ಈ ಸಲ ಮುಖವನ್ನು ನೀರಿನ ಕಡೆ ತಿರುಗಿಸಲಿಲ್ಲ. ಜನ ಎಡಬಲಕ್ಕೆ ನುಗ್ಗುತ್ತಿದ್ದರು. ಗಂಟೆ ಹೊಡೆಯಿತು. ಪ್ರೇಮ ಮುಂದೆ ಓಡಲಿಲ್ಲ, ಅಮ್ಮನ ಪಕ್ಕದಲ್ಲೇ ನಿಂತಳು. ಕಮಲಾಕ್ಷ ಹಲಗೆಯ ಬಳಿ ನಿಂತು ಹಗ್ಗದವನ ಕೈಯನ್ನೇ ನೋಡುತ್ತಿದ್ದ.

“ಎಂದಾ ಅಮ್ಮೇ?” ಬೋಟಿನವನು ಕೇಳಿದ. ಏನಾಯಿತಮ್ಮ?

“ಕಾಲ್ ವೇದನ” ಎಂದಳು ಕುಸುಮಾವತಿ, ಎಲ್ಲರಿಗೂ ಕೇಳುವಂತೆ. ಅವಳ ಜನ್ಮದಲ್ಲಿ ಮೊದಲ ಸಲ. “ನಿಂತಿದ್ದೇನೆ. ಪಿನ್ನೆ ನಡಕ್ಕುಂ.”

ಬೋಟಿನವನು ಹಗ್ಗವನ್ನು ಹಿಡಿದೇ ನಿಂತ. ಬೈರಾಸಿನ ಹಿಡಿ ಸಡಿಲಾಗುತ್ತ ಬಂತು. ಮುಕ್ಕಾಲು, ಅರೆ, ಕಾಲು. ಆಮೇಲೆ ಏನೂ ಇಲ್ಲ. ಅವಳು ಮೂವತ್ತು ಹೆಜ್ಜೆ ನಡೆದು, ಹಲಗೆ ದಾಟಿ, ಬೋಟಿನ ಬೆಂಚಿನಲ್ಲಿ ಕೂತಳು.

ಬೋಟು ದಡ ಬಿಟ್ಟಿತು. ಪ್ರೇಮ ತೊಡೆಯ ಮೇಲೆ ಬೆರಳುಗಳಿಂದ ಟೈಪ್ ಮಾಡುತ್ತ ಕೂತಿದ್ದಳು. “ಬರುವಾಗ ಜೆಟ್ಟಿಯಿಂದ ರಿಕ್ಷಾ ಮಾಡುವ” ಎಂದ ಕಮಲಾಕ್ಷ. ಕುಸುಮಾವತಿ ಆಗಲಿ ಎಂದಳು. ಅವಳು ನೀರನ್ನು ನೋಡುತ್ತಿದ್ದಳು. ಈ ಸಲ ನಿಜವಾಗಿಯೂ ನೀರನ್ನೇ. ನೋಡುತ್ತ ನೋಡುತ್ತ ಒಂದು ನಿಶ್ಚಯ ಮಾಡಿಕೊಂಡಳು. ನಾಳೆ ಬೆಳಿಗ್ಗೆ ಅಕ್ಕಿ ಡಬ್ಬವನ್ನು ನೆಲಕ್ಕಿಳಿಸುವುದು. ಆ ಹಲಸಿನ ಮಣೆಯ ಚಕ್ರಗಳನ್ನು ಕಿತ್ತು, ಒಡೆದು, ಬಚ್ಚಲ ಒಲೆಗೆ ಇಡುವುದು. ಒಂದು ಹಂಡೆ ನೀರಂತೂ ಕಾಯುತ್ತದೆ. ಯಾಕೆ ಎಂದು ಯಾರಾದರೂ ಕೇಳಿದರೆ ಗೆದ್ದಲು ಹಿಡಿದಿತ್ತು ಎಂದರಾಯಿತು. ಅವಳು ಆ ಮಾತನ್ನು ಯಾರಿಗೂ ಹೇಳಲಿಲ್ಲ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಓಣಿಯಲ್ಲೂ ಗೇಟಿಗೊಂದು ಮಾತು ಹುಡುಕಿ ನಿಲ್ಲುವವರು ಒಬ್ಬರಿರಬಹುದು. ಅದು ನೀವೇ ಆಗಿರಬಹುದು. ನಡೆದರೆ ಮೀನಖಂಡ ಹಿಡಿದು, ನಿಂತರೆ ಬಿಡುತ್ತದೆಯೇ? ವಯಸ್ಸಾಯಿತು ಎಂದು ಸುಮ್ಮನಾಗಬೇಡಿ, ಡಾಕ್ಟರಿಗೆ ಕಾಲು ತೋರಿಸಿ. ಅವರ ಮಾತು ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ, ಅದರಲ್ಲಿ ನಾಚಿಕೆಯಿಲ್ಲ. ಅವರು ನಡೆಯಿರಿ ಎಂದರೆ ನಡೆಯಿರಿ. ವಾರದಲ್ಲಿ ಮೂರು ದಿನವಾದರೂ, ಅರ್ಧ ಗಂಟೆಯಾದರೂ, ಮೂರು ತಿಂಗಳು ಬಿಡದೆ. ನಡೆಯುವಾಗ ಎದೆ ನೋವು ಬಂದರೆ ಅಥವಾ ಉಸಿರು ಕಟ್ಟಿದರೆ ನಿಲ್ಲಿಸಿ ಡಾಕ್ಟರಲ್ಲಿಗೆ ಹೋಗಿ. ಹೊಗೆಸೊಪ್ಪು, ಬೀಡಿ ಬಿಡಿ. ಪಾದಕ್ಕೆ ಶಾಖ ಕೊಡಬೇಡಿ, ಬರಿಗಾಲಲ್ಲಿ ಓಡಾಡಬೇಡಿ, ದಿನವೂ ಪಾದ ನೋಡಿಕೊಳ್ಳಿ. ಕೂತಾಗ ಮಲಗಿದಾಗಲೂ ನೋವು, ಮಾಯದ ಹುಣ್ಣು, ಕಪ್ಪಾದ ಬೆರಳು, ಇದ್ದಕ್ಕಿದ್ದ ಹಾಗೆ ತಣ್ಣಗಾಗಿ ಬಿಳಿಚಿದ ಪಾದ, ಇವು ನಡೆದು ಸರಿಪಡಿಸುವಂಥವಲ್ಲ. ಅದೇ ದಿನ ಆಸ್ಪತ್ರೆಗೆ ಹೋಗಿ.

ಕಾಲು ನೋವಿಗೆ ನಿಲ್ಲಬೇಡಿ. ಮುಕ್ಕಾಲು ನೋವಿಗೆ ನಿಲ್ಲಿ. ನೋವು ಹೋದ ಮೇಲೆ ಮತ್ತೆ ಹೊರಡಿ. ನಾಳೆ ನಾಡಿದ್ದು ಎನ್ನಬೇಡಿ. ಚಪ್ಪಲಿ ಬಾಗಿಲಲ್ಲೇ ಇದೆ.